ಮನೆಯಲ್ಲಿ ಮಾನಸಿಕ ಕಾಯಿಲೆ ಇದ್ದವರಿದ್ರೆ ಏನು ಮಾಡಬೇಕು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮಂದಿಗೆ ಮಾಹಿತಿ

ಹಾವೇರಿ: ಯಾರಾದ್ರೂ ಸ್ವಲ್ಪ ಬೇರೆ ಥರ ಮಾತಾಡಿದ್ರೆ ಸಾಕು, "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗಾಡೋದು ನಮ್ಮ ಕಡೆ ರೂಢಿ. ಚಾ ಅಂಗಡಿಯಿಂದ ಹಿಡಿದು ಮದುವೆ ಮನೆ ತನಕ ಈ ಮಾತು ಓಡಾಡ್ತದೆ. ಆದರೆ ಮನೆಯಲ್ಲಿ ಒಬ್ಬರಿಗೆ ನಿಜವಾಗಿ ಕಾಯಿಲೆ ಬಂದಾಗ ಇದೇ ಮಾತಿಗೆ ಹೆದರಿ ಎಷ್ಟೋ ಕುಟುಂಬದವರು ದವಾಖಾನೆಗೆ ಹೋಗೋದನ್ನೇ ಮುಂದೂಡ್ತಾರೆ. "ಮಂದಿ ಏನಂತಾರ, ತಂಗಿಗೆ ಗಂಡು ಹೆಂಗ ಸಿಗ್ತದ" ಅನ್ನೋ ಚಿಂತೆಯಲ್ಲೇ ವರ್ಷ ಕಳೆಯುತ್ತೆ, ಕಾಯಿಲೆ ಬಲಿಯುತ್ತೆ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ಇದು ಯಾವುದೋ ಒಂದು ಮನೆ ಕಥೆ ಅಲ್ಲ, ನಮ್ಮ ನಿಮ್ಮ ಓಣಿಯದ್ದೇ.

ಡಾಕ್ಟರ್ ನೋಡೋದು ಕೆಲವೇ ನಿಮಿಷ. ಉಳಿದ ದಿನವೆಲ್ಲ ಕಾಯಿಲೆಯವರನ್ನ ನೋಡಿಕೊಳ್ಳೋದು ಅವ್ವ, ಹೆಂಡತಿ, ಅಣ್ಣ ಅಥವಾ ಸೊಸೆ. ಈ ಬರಹ ಮುಖ್ಯವಾಗಿ ಅವರಿಗೆ.

ಮೊದಲು ಎಲ್ಲಿಗೆ ಹೋಗಬೇಕು?

ನೇರ ಧಾರವಾಡಕ್ಕೋ ಬೆಂಗಳೂರಿಗೋ ಹೋಗಲೇಬೇಕು ಅಂತಿಲ್ಲ. ಮೊದಲು ನಿಮ್ಮ ತಾಲೂಕು ಆಸ್ಪತ್ರೆ ಇಲ್ಲವೇ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಸರ್ಕಾರದ ಯೋಜನೆ ಇದೆ. ಇದರ ತಂಡದಲ್ಲಿ ಮನೋವೈದ್ಯರು, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ನರ್ಸ್‌ಗೆ ಜಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ಇಡುವ ಪದ್ಧತಿ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಅಂತ ಚೀಟಿ ಮಾಡಿಸೋ ಕೌಂಟರ್‌ನಲ್ಲಿ ಇಲ್ಲವೇ ಊರಿನ ಆಶಾ ಕಾರ್ಯಕರ್ತೆಗೆ ಕೇಳಿ ಹೋಗಿ. ಕೇಳದೆ ಹೋದ್ರೆ ಒಂದು ದಿನದ ಕೂಲಿ ಹಾಳು.

ಈ ಯೋಜನೆ ಬೇರು ನಮ್ಮ ಪಕ್ಕದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಅದೇ "ಬಳ್ಳಾರಿ ಮಾದರಿ". 1996ರಲ್ಲಿ ಅದರ ಮೇಲೆಯೇ ದೇಶದ ಜಿಲ್ಲಾ ಕಾರ್ಯಕ್ರಮ ಶುರುವಾಯಿತು.

ದೊಡ್ಡ ತೊಂದರೆ ಇದ್ದು ಅಡ್ಮಿಟ್ ಬೇಕಾದ್ರೆ ಇಲ್ಲಿಂದಲೇ ಧಾರವಾಡದ ಡಿಮ್ಹಾನ್ಸ್‌ಗೆ ಬರೆದು ಕೊಡ್ತಾರೆ. 1845ರಲ್ಲಿ ಶುರುವಾದ ಆಸ್ಪತ್ರೆ ಅದು. ಹಾವೇರಿಯಿಂದ ನೂರು ಕಿ.ಮೀ. ಹತ್ತಿರ ಆಗುತ್ತೆ. ಚೀಟಿ, ಹಳೇ ಗುಳಿಗೆ ಪಟ್ಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿ ಇಟ್ಕೊಳ್ಳಿ.

ನರ್ಸ್ ಕೆಲಸ ಇಂಜೆಕ್ಷನ್ ಮಾಡೋದಷ್ಟೇ ಅಲ್ಲ

ಮಾನಸಿಕ ವಿಭಾಗದ ನರ್ಸ್ ಅಂದ್ರೆ ಡಾಕ್ಟರ್‌ಗೂ ಮನೆಗೂ ನಡುವಿನ ಸೇತುವೆ. ಗುಳಿಗೆ ಯಾವಾಗ ಕೊಡಬೇಕು, ಬಾಯಲ್ಲಿ ಇಟ್ಕೊಂಡು ಉಗುಳ್ತಾರಾ ಅಂತ ಹೇಗೆ ನೋಡಬೇಕು, ನಿದ್ದೆ, ಊಟ, ಸ್ನಾನ ತಪ್ಪಿದ್ರೆ ಅದು ಯಾವುದರ ಸೂಚನೆ, ಇದೆಲ್ಲ ಅವರಿಗೆ ಗೊತ್ತಿರುತ್ತೆ. ಗುಳಿಗೆ ನುಂಗಲ್ಲ ಅಂತ ಹಟ ಮಾಡುವವರಿಗೆ 15 ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಹಾಕೋ ಇಂಜೆಕ್ಷನ್‌ಗಳೂ ಇವೆ. ನಿಮ್ಮ ಮನೆಯವರಿಗೆ ಅದು ಆಗುತ್ತಾ ಅಂತ ಡಾಕ್ಟರ್‌ಗೆ ಕೇಳಿ.

ಡಾಕ್ಟರ್ ಮುಂದೆ ಹೇಳೋಕೆ ಹೆದರಿಕೆ ಆದ್ರೆ ನರ್ಸ್ ಹತ್ತಿರ ಹೇಳಿ. ಮನೆಯಲ್ಲಿ ನಡೆದದ್ದನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಎಷ್ಟು ತಾಸು ಮಲಗಿದ್ರು, ಯಾವ ದಿನ ಗುಳಿಗೆ ತಪ್ಪಿತು, ಯಾವಾಗ ಸಿಟ್ಟು ಬಂತು. ಓದು ಬರಹ ಬರದಿದ್ರೆ ಮಕ್ಕಳ ಕೈಲಿ ಬರೆಸಿ. ಒಂದು ಪುಟದ ಈ ಲೆಕ್ಕ ಡಾಕ್ಟರ್‌ಗೆ ಅರ್ಧ ತಾಸಿನ ಮಾತಿಗಿಂತ ಹೆಚ್ಚು ಉಪಯೋಗ.

ಮನೆಯವರನ್ನ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳೋದು ಹೊಸ ಮಾತೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿ ಜೊತೆ ಮನೆಯವರನ್ನೂ ಇರಿಸಿಕೊಂಡು ಕಾಯಿಲೆ ಬಗ್ಗೆ ತಿಳಿಸಿ ಹೇಳ್ತಿದ್ದರು.

ಗುಳಿಗೆ ವಿಷಯದಲ್ಲಿ ಆಗೋ ತಪ್ಪುಗಳು

ಕಾಯಿಲೆ ಮರಳಿ ಬರೋಕೆ ದೊಡ್ಡ ಕಾರಣ "ಈಗ ಆರಾಮ ಆಗೇತಿ" ಅಂತ ಗುಳಿಗೆ ಬಿಡೋದು. ಬಿಪಿ, ಶುಗರ್ ಗುಳಿಗೆ ಹೇಗೋ ಇದೂ ಹಾಗೆ. ಇನ್ನೂ ಕೆಲವು:

- ಖಿನ್ನತೆಯ ಗುಳಿಗೆ ಕೆಲಸ ತೋರಿಸೋಕೆ 2ರಿಂದ 4 ವಾರ ಬೇಕು. ನಾಲ್ಕು ದಿನಕ್ಕೇ "ಫರಕ್ ಇಲ್ಲ" ಅಂತ ಬಿಡಬೇಡಿ.
- ಕೈ ನಡುಗೋದು, ಮೈ ಬಿಗಿಯೋದು, ಜೊಲ್ಲು ಸೋರೋದು, ತೂಕ ಏರೋದು ಕೆಲವು ಗುಳಿಗೆಗಳ ಅಡ್ಡ ಪರಿಣಾಮ. ಡಾಕ್ಟರ್‌ಗೆ ಹೇಳಿದ್ರೆ ಡೋಸ್ ಇಳಿಸ್ತಾರೆ ಅಥವಾ ಗುಳಿಗೆ ಬದಲಿಸ್ತಾರೆ. ಕುತ್ತಿಗೆ ಒಂದು ಕಡೆ ತಿರುಚಿಕೊಂಡ್ರೆ ದೆವ್ವ ಅಂತ ಗಾಬರಿ ಆಗಬೇಡಿ, ಅದು ಔಷಧದಿಂದ ಆಗಿರಬಹುದು. ಕೂಡಲೇ ದವಾಖಾನೆಗೆ ಹೋದ್ರೆ ಇಂಜೆಕ್ಷನ್‌ನಿಂದ ಸಡಿಲ ಆಗುತ್ತೆ.
- ಲಿಥಿಯಂ ತಗೊಳ್ಳೋರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ಬಿಸಿಲಲ್ಲಿ ಹೊಲದ ಕೆಲಸ ಮಾಡೋರು ನೀರು ಚೆನ್ನಾಗಿ ಕುಡೀಬೇಕು, ಉಪ್ಪು ಏಕದಂ ಬಿಡಬಾರದು. ವಾಂತಿ ಭೇದಿ ಆದ್ರೆ ತಕ್ಷಣ ಡಾಕ್ಟರ್‌ಗೆ ತಿಳಿಸಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಾವಾಗೇ ತಗೋಬಾರದು, ರಕ್ತದಲ್ಲಿ ಲಿಥಿಯಂ ಏರುತ್ತೆ. ಮೆಡಿಕಲ್ ಶಾಪ್‌ನವರೂ ಇದನ್ನ ನೆನಪಿಡಬೇಕು.

ದೇವರಿಗೆ ಹರಕೆ ಹೊರ್ತೀರಾ, ಹೊರ್ರಿ. ಅದಕ್ಕೆ ಯಾರೂ ಬೇಡ ಅನ್ನಲ್ಲ. ಗುಳಿಗೆ ಮಾತ್ರ ನಿಲ್ಲಬಾರದು.

ಮನೆಯಲ್ಲಿ ಹೇಗೆ ಮಾತಾಡಬೇಕು?

ಸದಾ ಬೈಯೋ, ಹಂಗಿಸೋ ಮನೆಗಳಲ್ಲಿ ಕಾಯಿಲೆ ಬೇಗ ಮರಳಿ ಬರುತ್ತೆ. ಲಂಡನ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಶುರು ಮಾಡಿದ ಸಂಶೋಧನೆ ಇದನ್ನ ತೋರಿಸಿತು. ಆಮೇಲೆ ಹಲವು ದೇಶಗಳಲ್ಲೂ ಅದೇ ಕಂಡುಬಂತು.

"ಕೆಲಸ ಕಳ್ಳ, ನಾಟಕ ಮಾಡ್ತಾನ" ಅನ್ನೋ ಮಾತು ಬೇಡ. ಸ್ಕಿಜೋಫ್ರೇನಿಯಾ ಇದ್ದವರು ಸುಮ್ಮನೆ ಮೂಲೆಯಲ್ಲಿ ಕೂಡೋದು ಸೋಮಾರಿತನ ಅಲ್ಲ, ಕಾಯಿಲೆಯದ್ದೇ ಲಕ್ಷಣ. ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅಂದ್ರೆ "ಸುಳ್ಳು" ಅಂತ ವಾದಕ್ಕೆ ಇಳೀಬೇಡಿ, "ಹೌದು" ಅಂತ ತಲೆ ಆಡಿಸೋದೂ ಬೇಡ. "ನನಗ ಕೇಳಸವಲ್ದು, ಆದ್ರ ನಿನಗ ಎಷ್ಟು ತ್ರಾಸ ಆಗಾಕತ್ತೇತಿ ಅಂತ ತಿಳೀತದ" ಅಂದ್ರೆ ಸಾಕು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ನಿದ್ದೆ ಕಡಿಮೆ ಆಗೋದು, ಊಟ ಬಿಡೋದು, ಒಬ್ಬರೇ ಗೊಣಗೋದು ಮತ್ತೆ ಶುರುವಾದ್ರೆ ಮುಂದಿನ ತಾರೀಖಿಗೆ ಕಾಯದೆ ತೋರಿಸಿ.

ಸಾಯೋ ಮಾತು ಬಂದ್ರೆ

"ನಾ ಇದ್ದು ಏನು ಮಾಡ್ಲಿ" ಅನ್ನೋ ಮಾತನ್ನ ಬೆದರಿಕೆ ಅಂತ ತಳ್ಳಿಹಾಕಬೇಡಿ. ನೇರವಾಗಿ ಕೇಳಿ: "ಸಾಯಬೇಕು ಅನ್ನಸ್ತದೇನು?" ಹಾಗೆ ಕೇಳಿದ್ರೆ ಆ ವಿಚಾರ ಹೊಸದಾಗಿ ತಲೆಗೆ ಬರಲ್ಲ, ಬದಲಿಗೆ ಮನಸ್ಸು ಹಗುರ ಆಗುತ್ತೆ. ಅವರನ್ನ ಒಬ್ಬರೇ ಬಿಡಬೇಡಿ. ಬೆಳೆಗೆ ಹೊಡೆಯೋ ಔಷಧ ಮನೆಯಲ್ಲಿ ಇಡಬೇಡಿ. ಇಡಲೇಬೇಕಾದ್ರೆ ಬೀಗ ಹಾಕಿ, ಕೀಲಿ ಬೇರೆಯವರ ಕೈಲಿರಲಿ. ಮಾನಸಿಕ ಗುಳಿಗೆಗಳೂ ನೋಡಿಕೊಳ್ಳೋರ ಹತ್ತಿರವೇ ಇರಲಿ.

ಏನಾದ್ರೂ ಅನಾಹುತ ಮಾಡಿಕೊಂಡ್ರೆ "ಕೇಸ್ ಆಗ್ತದ" ಅಂತ ಹೆದರಿ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವಂತಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೇ 309ನೇ ಕಲಮ್ಮೇ ಇಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ.

ಕುಡಿತದ ವಿಷಯದಲ್ಲೂ ಒಂದು ಎಚ್ಚರ. ದಿನಾ ಕುಡಿಯುವವರನ್ನ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸೋಕೆ ಹೋಗಬೇಡಿ. ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಕಣ್ಣಮುಂದೆ ಬಿಡಿಸಿ.

ಕಾನೂನು ನಿಮ್ಮ ಪರ ಇದೆ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡೋಕಾಗದೆ ಸುಟ್ಟುಹೋದರು. ಇಡೀ ದೇಶ ಬೆಚ್ಚಿಬಿತ್ತು. 2018ರ ಮೇ 29ರಿಂದ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಕಟ್ಟೋದು ಯಾವ ರೀತಿಯಲ್ಲೂ ನಿಷಿದ್ಧ. ನೆನಪಿಡಬೇಕಾದ ಬೇರೆ ವಿಷಯ:

- ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯೋದು ಎಲ್ಲರ ಹಕ್ಕು.
- ಕಾಯಿಲೆ ಇದ್ದವರು ಬಿಳಿ ಹಾಳೆ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ, ತಮ್ಮ ಪರ ಮಾತಾಡೋ ಪ್ರತಿನಿಧಿಯನ್ನ ನೇಮಿಸಬಹುದು. ಆರಾಮ ಇದ್ದಾಗಲೇ ಮಾಡಿಸಿಡಿ.
- "ಕರೆಂಟ್ ಕೊಡ್ತಾರ" ಅನ್ನೋ ಭಯ ಬೇಡ. ಆ ಚಿಕಿತ್ಸೆ ಬೇಕಾದ್ರೂ ಅರಿವಳಿಕೆ ಕೊಟ್ಟೇ ಮಾಡಬೇಕು.
- ಆರೋಗ್ಯ ವಿಮೆ ಕಂಪನಿಗಳು ಮೈ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕು.

ಕಾರ್ಡ್, ಪಿಂಚಣಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಮತ್ತು ಮೇಲೆ ಬೇಕು. ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. ಒಂದು ಗೊಂದಲ ಬೇಡ: "ಮನಸ್ವಿನಿ" ಯೋಜನೆ ಹೆಸರು ಹಾಗಿದ್ರೂ ಅದು ಮಾನಸಿಕ ರೋಗಿಗಳಿಗಲ್ಲ, ಒಂಟಿ ಮಹಿಳೆಯರಿಗೆ.

ನೋಡಿಕೊಳ್ಳೋರನ್ನ ನೋಡೋರ್ಯಾರು?

ವರ್ಷಗಟ್ಟಲೆ ರಾತ್ರಿ ನಿದ್ದೆ ಇಲ್ಲ, ಕೂಲಿ ತಪ್ಪುತ್ತೆ, ನೆಂಟರು ಬರೋದು ನಿಲ್ಲಿಸ್ತಾರೆ. ಹೀಗಾದ್ರೆ ನೋಡಿಕೊಳ್ಳೋರಿಗೂ ಖಿನ್ನತೆ ಬರೋದು ಆಶ್ಚರ್ಯ ಅಲ್ಲ. ಅದಕ್ಕೆ ಭಾರ ಹಂಚಿಕೊಳ್ಳಿ. ವಾರಕ್ಕೆ ಒಂದು ದಿನ ಅಣ್ಣನೋ ಮೈದುನನೋ ಕೂತ್ರೆ ಆ ತಾಯಿ ತವರಿಗೆ ಹೋಗಿ ಬರಬಹುದು, ಬರೀ ಮಲಗಿದ್ರೂ ಸರಿ. ತಪಾಸಣೆಗೆ ಹೋದಾಗ "ನನಗೂ ನಿದ್ದೆ ಬರವಲ್ದು" ಅಂತ ಹೇಳೋಕೆ ನಾಚಬೇಡಿ. ಟೆಲಿ ಮನಸ್‌ಗೆ ರೋಗಿಯೇ ಫೋನ್ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಬಹುದು. ಸಿಟ್ಟಲ್ಲಿ ಹೊಡೆಯೋಕೆ ಬಂದ್ರೆ ಎದುರು ನಿಂತು ಗುದ್ದಾಡಬೇಡಿ. ಮಕ್ಕಳನ್ನ ಕರ್ಕೊಂಡು ಹೊರಗೆ ಬಂದು ಸಹಾಯ ಕೇಳಿ.

ಅಂಗಡಿಯವರಿಗೆ, ವ್ಯಾಪಾರಸ್ಥರಿಗೆ

ಬಸ್ ಸ್ಟ್ಯಾಂಡ್, ಎಪಿಎಂಸಿ ಸುತ್ತ ಒಬ್ಬರೇ ಅಲೆಯುತ್ತಿರುವವರನ್ನ ಕಂಡ್ರೆ ಓಡಿಸಬೇಡಿ, ವಿಡಿಯೋ ಮಾಡಿ ಗ್ರೂಪ್‌ಗೆ ಹಾಕಬೇಡಿ. 112ಕ್ಕೆ ಹೇಳಿ. ತಮ್ಮನ್ನ ತಾವು ನೋಡಿಕೊಳ್ಳೋಕಾಗದ ಅಂಥವರನ್ನ ರಕ್ಷಣೆಗೆ ತಗೊಂಡು 24 ತಾಸಿನ ಒಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯೋದು ಪೊಲೀಸರ ಕರ್ತವ್ಯ. ಲಾಕಪ್‌ನಲ್ಲಿ ಹಾಕುವಂತಿಲ್ಲ.

ಗೊಬ್ಬರ, ಕೀಟನಾಶಕದ ಅಂಗಡಿಯವರು ಗಿರಾಕಿ ತೀರಾ ಗಾಬರಿಯಲ್ಲೋ ಕುಡಿದೋ ಬಂದು ಔಷಧ ಕೇಳಿದ್ರೆ "ನಾಳೆ ಬರ್ರಿ" ಅನ್ನಿ, ಮನೆಯವರಿಗೆ ತಿಳಿಸಿ. ಒಂದು ದಿನದ ವ್ಯಾಪಾರ ಹೋದೀತು, ಒಂದು ಜೀವ ಉಳಿದೀತು.

ಆರಾಮ ಆಗಿ ಬಂದವರಿಗೆ ಬೇಕಾಗಿರೋದು ಕೆಲಸ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋದು, ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಪಾಕೀಟು ಜೋಡಿಸೋದು, ಹಾವೇರಿ ಪೇಟೆಯಲ್ಲಿ ಲೆಕ್ಕ ಬರೆಯೋದು, ದಿನಕ್ಕೆ ಎರಡು ಮೂರು ತಾಸು ಕೊಟ್ರೂ ಸಾಕು. ತಪಾಸಣೆ ದಿನ ರಜೆ ಕೊಡಿ, ಪಗಾರ ಎಲ್ಲರಂತೆ ಕೊಡಿ.

ಬರೆದಿಟ್ಕೊಳ್ಳಿ

- ಟೆಲಿ ಮನಸ್: 14416 ಅಥವಾ 1800-891-4416 (ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು)
- ಆಂಬುಲೆನ್ಸ್: 108
- ಪೊಲೀಸ್, ತುರ್ತು: 112
- ಮಹಿಳಾ ಸಹಾಯವಾಣಿ: 181
- ಉಚಿತ ಕಾನೂನು ನೆರವು: 15100

ನಂಬರ್ ಅಂಗಡಿ ಗೋಡೆಗೆ ಅಂಟಿಸಿ, ಓಣಿ ಗ್ರೂಪ್‌ಗೆ ಹಾಕಿ. ಯಾವ ಮನೆಗೆ ಯಾವ ರಾತ್ರಿ ಬೇಕಾಗ್ತದೋ ಯಾರಿಗೆ ಗೊತ್ತು.