ಬರಿಗಾಲಿನ ಒಲಿಂಪಿಯನ್: ಅಹ್ಮದ್ ಖಾನ್ (1926–2017)

ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ, 1948ರಲ್ಲಿ, ಲಂಡನ್ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಕನ್ನಡ ನೆಲದ ಹುಡುಗರು ಎದ್ದು ಕಂಡದ್ದು ಫುಟ್‌ಬಾಲಿನಲ್ಲಿ.

ಬೆಂಗಳೂರಿನ ಅಹ್ಮದ್ ಖಾನ್ ಅವರಲ್ಲೊಬ್ಬರು. ಜುಲೈ 31ರಂದು ಫ್ರಾನ್ಸ್ ಎದುರು ನಮ್ಮ ಹೆಚ್ಚಿನ ಆಟಗಾರರು ಬೂಟಿಲ್ಲದೆ ಕಣಕ್ಕಿಳಿದರು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮಬಲ ತಂದರು. ಎರಡು ಪೆನಾಲ್ಟಿಗಳು ಮಾತ್ರ ಕೈತಪ್ಪಿದವು, ಕಾಲುತಪ್ಪಿದವು ಎನ್ನಬೇಕೇನೋ. ಪಂದ್ಯ 1–2ರಿಂದ ಹೋಯಿತು.

ಮರುವರ್ಷ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆಹ್ ಜೊತೆ ಅವರನ್ನೂ ಸೇರಿಸಿ ಅಲ್ಲಿನ ಜನ ‘ಪಂಚಪಾಂಡವರು’ ಎಂದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

1952, ಹೆಲ್ಸಿಂಕಿ. ಕೊರೆಯುವ ಚಳಿ, ಎದುರಾಳಿ ಯುಗೊಸ್ಲಾವಿಯ. ಭಾರತ 1–10ರಿಂದ ಸೋತಿತು. ಆ ಒಂದು ಗೋಲು ಖಾನ್ ಅವರದು. ಈ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು.

ಖಾನ್ ತಮ್ಮ ಹುಟ್ಟೂರು ಬೆಂಗಳೂರಿನಲ್ಲೇ 2017ರಲ್ಲಿ ತೀರಿಕೊಂಡರು.