ಶೈತ್ಯದಲ್ಲಿ ಉಳಿಯುವುದು ಯಾವ ಭ್ರೂಣ? ವಿಜಯಪುರದ ದ್ರಾಕ್ಷಿ, ಲಿಂಬೆಗಳ ತಳಿಸಂರಕ್ಷಣೆ ಕುರಿತು

ಒಣಗಿಸಿ ತಣ್ಣಗಿಟ್ಟರೆ ಬಹುಕಾಲ ಬಾಳುವ ಬೀಜಗಳನ್ನು ಒಣಗಿದರೆ ಸಾಯುವ ಬೀಜಗಳಿಂದ 1973ರಲ್ಲಿ ಇ. ಎಚ್. ರಾಬರ್ಟ್ಸ್ ಬೇರ್ಪಡಿಸಿದರು. 1990ರಲ್ಲಿ ಎಲ್ಲಿಸ್, ಹಾಂಗ್ ಮತ್ತು ರಾಬರ್ಟ್ಸ್ ಕಾಫಿ ಬೀಜದ ಅಧ್ಯಯನದಿಂದ ನಡುವಿನ ಇನ್ನೊಂದು ವರ್ಗವನ್ನು ಸೇರಿಸಿದರು. ಮಾವು, ಹಲಸಿನಂಥ ಹಣ್ಣುಗಳ ಬೀಜಗಳು ಒಣಗಿದರೆ ಬದುಕಲಾರವು. ಆದ್ದರಿಂದ ಬೀಜದೊಳಗೆ ಮೊಳಕೆಯಾಗುವ ಭಾಗವಾದ ಭ್ರೂಣಾಕ್ಷವನ್ನಷ್ಟೇ ಬಿಡಿಸಿ, ತಕ್ಕಮಟ್ಟಿಗೆ ಒಣಗಿಸಿ, −196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿಡುವ ವಿಧಾನ ಬೆಳೆಯಿತು. ನೀರು ಹೆಚ್ಚಾದರೆ ಹಿಮದ ಹರಳು ಕೋಶಪೊರೆಯನ್ನು ಸೀಳುತ್ತದೆ, ತೀರಾ ಕಡಿಮೆಯಾದರೆ ಒಣಗುವಿಕೆಯೇ ಕೊಲ್ಲುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಈ ವಿಧಾನವನ್ನು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೆ ಹಾಗೆಯೇ ತರಲಾಗದು. ಥಾಮ್ಸನ್ ಸೀಡ್‌ಲೆಸ್ ತಳಿಯಲ್ಲಿ ಫಲೀಕರಣವಾದರೂ ಭ್ರೂಣ ಅರ್ಧದಲ್ಲೇ ಕಮರುತ್ತದೆ; ಅದನ್ನು ಪ್ರಯೋಗಾಲಯದಲ್ಲಿ ಬದುಕಿಸಿಕೊಂಡರೂ ಬೆಳೆಯುವುದು ಹೊಸ ಸಸಿಯೇ ಹೊರತು ಆ ಬಳ್ಳಿಯಲ್ಲ. ದ್ರಾಕ್ಷಿಯಲ್ಲಿ ಶೈತ್ಯಕ್ಕೆ ಹೋಗಬೇಕಾದದ್ದು ಕುಡಿಯ ತುದಿ.

2023ರಲ್ಲಿ ಭೌಗೋಳಿಕ ಸೂಚಕ ಪಡೆದ ಇಂಡಿ ಲಿಂಬೆಯ ವಿಷಯ ಬೇರೆ, ನನ್ನ ಭಿನ್ನಾಭಿಪ್ರಾಯವೂ ಅಲ್ಲಿಯೇ. ಲಿಂಬೆ ಸೇರಿದ ಸಿಟ್ರಸ್ ಕುಲದ ಬೀಜ ಒಣಗಿದರೆ ಸಾಯುತ್ತದೆಂಬ ನಂಬಿಕೆಯನ್ನು 1979ರಲ್ಲಿ ಮಮ್‌ಫೋರ್ಡ್ ಮತ್ತು ಗ್ರೌಟ್ ಲಿಂಬೆಯ ಬಂಧುವಾದ ಲೆಮನ್‌ನಲ್ಲಿ ಅಲುಗಾಡಿಸಿದರು. 1981ರಲ್ಲಿ ಕಿಂಗ್, ಸೂಟಿಸ್ನಾ ಮತ್ತು ರಾಬರ್ಟ್ಸ್ ಲಿಂಬೆಯನ್ನೂ ಸೇರಿಸಿ ಪರೀಕ್ಷಿಸಿ, ಮೊಳೆಯಲು ತಡಮಾಡುವ ಬೀಜವನ್ನು ಸತ್ತದ್ದೆಂದು ಹಿಂದಿನವರು ಎಣಿಸಿದ್ದರೆಂದರು. ತಿದ್ದುಪಡಿ ಸರಿಯೇ. ಆದರೆ ಎರಡೂ ಪಕ್ಷಗಳು ಒಂದು ಮಾತನ್ನು ಪ್ರಶ್ನಿಸದೆ ಒಪ್ಪಿವೆ: ಬೀಜ ಮೊಳೆತರೆ ತಳಿ ಉಳಿಯಿತು. ಲಿಂಬೆಯ ಒಂದೇ ಬೀಜದಲ್ಲಿ ಹಲವು ಭ್ರೂಣಗಳಿರುತ್ತವೆ. ಒಂದು ಫಲೀಕರಣದಿಂದ ಬಂದ ಲೈಂಗಿಕ ಭ್ರೂಣ; ಉಳಿದವು ತಾಯಿಯ ಅಂಡಕದ ನ್ಯೂಸೆಲಸ್ ಅಂಗಾಂಶದಿಂದ ಮೂಡಿದ, ತಾಯಿಯ ತದ್ರೂಪಗಳು. ಇವುಗಳಲ್ಲಿ ಯಾವುದೇ ಒಂದು ಮೊಳಕೆ ಒಡೆದರೂ ಬೀಜ ಬದುಕಿದ ಲೆಕ್ಕಕ್ಕೆ ಸೇರುತ್ತದೆ. ಹಾಗಾದರೆ ಎಷ್ಟೇ ಒಳ್ಳೆಯ ಮೊಳಕೆ ಪ್ರಮಾಣದ ಹಿಂದೆಯೂ ಲೈಂಗಿಕ ಭ್ರೂಣಗಳ ನಷ್ಟ ಅಡಗಿರಬಹುದು. ಎಲ್ಲ ತೋಟ, ಎಲ್ಲ ಹಂಗಾಮಿನಲ್ಲೂ ಇಂಥ ನಷ್ಟವಾಗುತ್ತದೆಂದು ನಾನು ಹೇಳುತ್ತಿಲ್ಲ. ನಷ್ಟ ಒಣಗಿಸುವಾಗ ಆಗುತ್ತದೆಯೋ ಸಹಜ ಪೈಪೋಟಿಯಲ್ಲೋ ಎಂಬುದೂ ಬೇರೆ ಮಾತು. ಎಣಿಕೆಯ ಕ್ರಮವೇ ಇದನ್ನು ಕಾಣಗೊಡದು ಎಂಬುದಷ್ಟೇ ವಾದ.

ಭ್ರೂಣಾಕ್ಷವನ್ನು ಬಿಡಿಸಿಟ್ಟರೆ ಈ ಗೊಂದಲವಿಲ್ಲ ಎನ್ನಬಹುದು. 1992ರಲ್ಲಿ ರಾಧಾಮಣಿ ಮತ್ತು ಚಂದೇಲ್ ಟ್ರೈಫೋಲಿಯೇಟ್ ಕಿತ್ತಳೆಯಲ್ಲಿ ಅದನ್ನೇ ಮಾಡಿ ತೋರಿಸಿದರು. ಆದರೆ ಬಿಡಿಸುವ ಕೈ ದಪ್ಪನೆಯ ಭ್ರೂಣವನ್ನೇ ಆರಿಸುತ್ತದೆ, ಲೈಂಗಿಕ ಭ್ರೂಣವೋ ಅನೇಕ ಸಲ ಚಿಕ್ಕದು. ಆಯ್ಕೆ ಚಾಕುವಿನ ಮೊನೆಯಲ್ಲೇ ಮುಗಿದಿರುತ್ತದೆ. ರೈತನಿಗೆ ಬೇಕಾದದ್ದು ತಾಯಿಮರವೇ ಅಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಅದರಲ್ಲಿ ಹುರುಳಿದೆ: ಟ್ರಿಸ್ಟೆಜಾ ವೈರಸ್ ಕಣ್ಣುಕಸಿಯಲ್ಲಿ ಹರಡುತ್ತದೆ, ಬೀಜದಲ್ಲಿ ಹರಡುವುದಿಲ್ಲ, ಹಾಗಾಗಿ ನ್ಯೂಸೆಲಸ್ ಭ್ರೂಣ ತಾಯಿಯ ಗುಣವನ್ನು ರೋಗವಿಲ್ಲದೆ ದಾಟಿಸುತ್ತದೆ. ಇಂಥ ಸಸಿಗೆ ಮುಳ್ಳು ಹೆಚ್ಚು, ಫಲಕ್ಕೆ ತಡ ಎಂಬ ದೋಷಗಳು ಸಹಿಸುವಂಥವು. ಆದರೆ ಇದನ್ನು ಒಪ್ಪಿದಾಗ ಸಂಗ್ರಹದ ಲೆಕ್ಕವೇ ಬದಲಾಗುತ್ತದೆ. ಒಂದೇ ಮರದ ಸಾವಿರ ಭ್ರೂಣಗಳು ಬಹುಪಾಲು ಒಂದೇ ತಳಿರೂಪ, ಹತ್ತು ಮರಗಳ ನೂರು ಭ್ರೂಣಗಳಲ್ಲಿ ಹತ್ತು ತಳಿರೂಪಗಳಿರಬಹುದು. ಇಂಡಿಯ ಕಾಗ್ಜಿ ಲಿಂಬೆಯನ್ನು ಬಹುತೇಕ ಬೀಜದ ಸಸಿಯಿಂದಲೇ ಬೆಳೆಸುವುದರಿಂದ ಮರಮರಕ್ಕೆ ವ್ಯತ್ಯಾಸ ನುಸುಳಲು ಅವಕಾಶವಿದೆ. ವೈವಿಧ್ಯವನ್ನು ಹುಡುಕಬೇಕಾದದ್ದು ಮರಗಳ ನಡುವೆ, ಒಂದೇ ಮರದ ಬೀಜರಾಶಿಯಲ್ಲಲ್ಲ. ಆದ್ದರಿಂದ ದ್ರವ ಸಾರಜನಕದ ಕೊಳವೆಯ ಮೇಲೆ ತೋಟದ ಹೆಸರಷ್ಟೇ ಸಾಲದು, ಮರದ ಗುರುತೂ ಬೇಕು.

ಒಣಗಿಸುವಿಕೆ ಲೈಂಗಿಕ ಭ್ರೂಣಕ್ಕೆ ಹೆಚ್ಚು ಕಠಿಣವೇ ಎಂಬ ಪ್ರಶ್ನೆಯನ್ನು ಈ ಲೇಖನ ಬಗೆಹರಿಸುವುದಿಲ್ಲ. ಒಂದೇ ಮರದ ಬೀಜಗಳನ್ನು ಎರಡು ಪಾಲು ಮಾಡಿ, ಒಂದನ್ನು ನೇರ ಬಿತ್ತಿ, ಇನ್ನೊಂದನ್ನು ಒಣಗಿಸಿ ಶೈತ್ಯಕ್ಕಿಟ್ಟು ಹೊರತೆಗೆದು, ಮೊಳೆತ ಪ್ರತಿ ಸಸಿಯ ಡಿಎನ್‌ಎ ಗುರುತುಗಳನ್ನು ತಾಯಿಯ ಎಲೆಯೊಂದಿಗೆ ಹೋಲಿಸಿದರೆ ಉತ್ತರ ಸಿಕ್ಕೀತು.