ಗುಂಪಿನ ಸ್ಕೂಬಾ ವಿಹಾರಕ್ಕೆ ಕೆರಿಬಿಯನ್ ದ್ವೀಪದ ಆಯ್ಕೆ

ಸ್ಕೂಬಾ ಮತ್ತು ಕೆರಿಬಿಯನ್ ಸಮುದ್ರ

ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ, ಮೇಲಿನ ದೋಣಿಗೆ ಯಾವ ಕೊಳವೆಯ ನಂಟೂ ಇಲ್ಲದೆ ನೀರೊಳಗೆ ಸಂಚರಿಸುವ ವಿಧಾನವೇ ಸ್ಕೂಬಾ ಡೈವಿಂಗ್. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸಿದ ರೆಗ್ಯುಲೇಟರ್ ಈ ಸ್ವಾತಂತ್ರ್ಯವನ್ನು ತಂದುಕೊಟ್ಟಿತು. ಸಿಲಿಂಡರಿನೊಳಗಿನ ಅಧಿಕ ಒತ್ತಡದ ಗಾಳಿಯನ್ನು ಆಯಾ ಆಳದ ನೀರಿನ ಒತ್ತಡಕ್ಕೆ ಹೊಂದಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಒದಗಿಸುವುದು ಆ ಸಾಧನದ ಕೆಲಸ.

ಕೆರಿಬಿಯನ್ ಸಮುದ್ರವು ಪಶ್ಚಿಮದಲ್ಲಿ ಮಧ್ಯ ಅಮೆರಿಕದ ಕರಾವಳಿ, ದಕ್ಷಿಣದಲ್ಲಿ ವೆನೆಜುವೆಲಾ ಹಾಗೂ ಕೊಲಂಬಿಯಾ, ಉತ್ತರ ಮತ್ತು ಪೂರ್ವದಲ್ಲಿ ದ್ವೀಪಸರಣಿಗಳಿಂದ ಸುತ್ತುವರಿದಿದೆ. ವರ್ಷದ ಬಹುಕಾಲ ಇಲ್ಲಿನ ನೀರಿನ ಉಷ್ಣತೆ 26ರಿಂದ 29 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಅನೇಕ ಕಡೆ ಇಪ್ಪತ್ತು ಮೀಟರಿಗೂ ದೂರದ ದೃಶ್ಯ ಸ್ಪಷ್ಟವಾಗಿ ಕಾಣುತ್ತದೆ. ಹವಳದ ದಿಬ್ಬಗಳಿಲ್ಲದ ದ್ವೀಪ ಇಲ್ಲಿ ವಿರಳ. ಆದ್ದರಿಂದ ಎಲ್ಲಿ ಚೆಲುವು ಹೆಚ್ಚು ಎಂಬ ಪ್ರಶ್ನೆಯಿಂದ ಆಯ್ಕೆ ಸುಲಭವಾಗುವುದಿಲ್ಲ. ಗುಂಪಿನ ಮಟ್ಟಿಗೆ ನಿರ್ಣಾಯಕವಾದ ಪ್ರಶ್ನೆ ಬೇರೆಯದು: ನೀರಿಗೆ ಇಳಿಯುವುದು ಹೇಗೆ, ಮತ್ತು ನೀರಿನಿಂದ ಮೇಲೇಳುವ ಹೊತ್ತನ್ನು ನಿರ್ಧರಿಸುವವರು ಯಾರು?

ಗುಂಪಿನಲ್ಲಿ ಗಾಳಿಯ ಲೆಕ್ಕ

ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಇಪ್ಪತ್ತು ಮೀಟರ್ ಆಳದಲ್ಲಿ ಒಟ್ಟು ಒತ್ತಡ ನೆಲದ ಮೇಲಿನದಕ್ಕಿಂತ ಮೂರು ಪಟ್ಟು. ಅಲ್ಲಿ ಒಂದು ಉಸಿರಿಗೆ ಮೂರು ಉಸಿರಿನ ಗಾಳಿ ಬೇಕು.

ಹನ್ನೊಂದು ಲೀಟರಿನ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿದೆ ಎಂದಿಟ್ಟುಕೊಳ್ಳಬಹುದು. ಆಪತ್ತಿಗೆಂದು 50 ಬಾರ್ ಉಳಿಸಿದರೆ ಬಳಕೆಗೆ ಸಿಗುವುದು ಸುಮಾರು 1650 ಲೀಟರ್ ಗಾಳಿ. ನಿಮಿಷಕ್ಕೆ 15 ಲೀಟರ್ ಉಸಿರಾಡುವ ಪಳಗಿದ ಡೈವರ್ ಇಪ್ಪತ್ತು ಮೀಟರ್ ಆಳದಲ್ಲಿ 45 ಲೀಟರ್ ಬಳಸುತ್ತಾರೆ. ಅವರಿಗೆ ಈ ಗಾಳಿ ಮೂವತ್ತಾರು ನಿಮಿಷ ಸಾಕು. ತವಕದಲ್ಲಿ ನಿಮಿಷಕ್ಕೆ 25 ಲೀಟರ್ ಎಳೆಯುವ ಹೊಸಬರಿಗೆ ಅದೇ ಸಿಲಿಂಡರ್ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತದೆ. ಇಡೀ ಗುಂಪು ಒಬ್ಬ ಮಾರ್ಗದರ್ಶಕರ ಹಿಂದೆ ಒಟ್ಟಿಗೆ ಸಾಗಿದರೆ, ಬೇಗ ಗಾಳಿ ತೀರುವವರ ಗಡಿಯಾರವೇ ಎಲ್ಲರ ಗಡಿಯಾರವಾಗುತ್ತದೆ. ಅನುಭವಿಗಳಿಗೆ ಅತೃಪ್ತಿ, ಹೊಸಬರಿಗೆ ಸಂಕೋಚ; ಎಷ್ಟೋ ಗುಂಪುಗಳಲ್ಲಿ ಬೇಸರ ಹುಟ್ಟುವುದು ಇಲ್ಲಿಂದಲೇ.

ತರಬೇತಿಯ ಮಟ್ಟವೂ ಮಿತಿ ಹಾಕುತ್ತದೆ. ಪ್ರಾರಂಭಿಕ ಪ್ರಮಾಣಪತ್ರವಾದ ಓಪನ್ ವಾಟರ್ ಪಡೆದವರಿಗೆ 18 ಮೀಟರ್, ಅದರ ಮುಂದಿನ ಹಂತದವರಿಗೆ 30 ಮೀಟರ್, ವಿಶೇಷ ತರಬೇತಿ ಪಡೆದ ಹವ್ಯಾಸಿಗಳಿಗೆ 40 ಮೀಟರ್ ಗರಿಷ್ಠ ಆಳ. ಹತ್ತು, ಹನ್ನೊಂದು ವರ್ಷದ ಮಕ್ಕಳಿಗೆ 12 ಮೀಟರ್ ಮಾತ್ರ. ಗುಂಪಿನಲ್ಲಿ ಯಾರಿಗೆ ಯಾವ ಪ್ರಮಾಣಪತ್ರವಿದೆ ಎಂಬ ಪಟ್ಟಿ ಮಾಡಿದ ಮೇಲೆಯೇ ನಕಾಶೆ ಬಿಡಿಸುವುದು ಯುಕ್ತ.

ಬೊನೇರ್: ದಡದಿಂದಲೇ ನೀರಿಗೆ

ಮಿಶ್ರ ಅನುಭವದ ಗುಂಪಿಗೆ ಕೆರಿಬಿಯನ್ನಿನಲ್ಲಿ ಬೊನೇರಿಗೆ ಸಮನಾದ ದ್ವೀಪ ಸಿಗುವುದು ಕಷ್ಟ. ವೆನೆಜುವೆಲಾದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪ 2010ರ ಅಕ್ಟೋಬರ್‌ನಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಕ್ರಾಲೆಂಡೈಕ್ ಇದರ ಮುಖ್ಯ ಪಟ್ಟಣ. ಅಮೆರಿಕದ ಡಾಲರ್ ಇಲ್ಲಿನ ನಾಣ್ಯ.

ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ದಡ ಗಾಳಿಮರೆಯಲ್ಲಿರುತ್ತದೆ. ಅಲ್ಲಿ ಅಲೆಯ ಅಬ್ಬರ ಕಡಿಮೆ, ನೀರಿನ ಸೆಳೆತವೂ ಸಾಮಾನ್ಯವಾಗಿ ಮೃದು. ಹವಳದ ದಿಬ್ಬ ದಡಕ್ಕೆ ಅಂಟಿಕೊಂಡಂತೆಯೇ ಆರಂಭವಾಗಿ, ಹತ್ತು ಮೀಟರ್ ಆಸುಪಾಸಿನ ಆಳದಿಂದ ಇಳಿಜಾರಾಗಿ ಕೆಳಗಿಳಿಯುತ್ತದೆ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಡೈವಿಂಗ್ ತಾಣಗಳ ಹೆಸರನ್ನು ಸೂಚಿಸುತ್ತವೆ. ಇಂಥ ಐವತ್ತಕ್ಕೂ ಹೆಚ್ಚು ತಾಣಗಳಿಗೆ ದೋಣಿಯ ಹಂಗಿಲ್ಲದೆ ದಡದಿಂದಲೇ ಇಳಿಯಬಹುದು.

ಬಾಡಿಗೆಯ ಪಿಕಪ್ ವಾಹನದ ಹಿಂಭಾಗದಲ್ಲಿ ಸಿಲಿಂಡರ್‌ಗಳನ್ನು ಹೇರಿಕೊಂಡು ಹೋಗುವುದು ಇಲ್ಲಿನ ವಾಡಿಕೆ. ಎಂಟು ಜನರ ಗುಂಪಿಗೆ ಎರಡು ಪಿಕಪ್ ಸಾಕಾಗುತ್ತವೆ. ನಸುಕಿನಲ್ಲಿ ಇಳಿಯುವವರು ನಸುಕಿನಲ್ಲಿ, ಮಧ್ಯಾಹ್ನ ಮಲಗೆದ್ದು ಇಳಿಯುವವರು ಆಗ ಇಳಿಯಬಹುದು. ಪ್ರತಿ ಜೋಡಿಯೂ ತನ್ನ ಗಾಳಿಯ ಲೆಕ್ಕದಂತೆ ಮೇಲೇಳುತ್ತದೆ, ಯಾರೂ ಯಾರನ್ನೂ ಕಾಯಿಸುವುದಿಲ್ಲ. ಮೇಲೆ ಹೇಳಿದ ಗಡಿಯಾರದ ತೊಡಕು ಇಲ್ಲಿ ತಾನಾಗಿ ಬಗೆಹರಿಯುತ್ತದೆ. ಸಾಲ್ಟ್ ಪಿಯರ್ ಎಂಬ ಉಪ್ಪು ಸಾಗಣೆಯ ಕಟ್ಟೆಯ ಕಂಬಗಳ ನಡುವಿನ ಮೀನುಗಳ ಗುಂಪು ಹೊಸಬರಿಗೆ ಎಟುಕುವ ಆಳದಲ್ಲಿದ್ದರೆ, 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಸರಕು ಹಡಗು ಮೂವತ್ತು ಮೀಟರ್ ಆಸುಪಾಸಿನಲ್ಲಿ ಅನುಭವಿಗಳಿಗಾಗಿ ಮಲಗಿದೆ.

ಇಷ್ಟು ಸಮೃದ್ಧಿ ಉಳಿದಿರುವುದು ಕಾನೂನಿನ ಬಲದಿಂದ. ಈಟಿಯಿಂದ ಮೀನು ಹೊಡೆಯುವುದನ್ನು 1971ರಲ್ಲಿ, ಹವಳ ಕೀಳುವುದನ್ನು 1975ರಲ್ಲಿ ನಿಷೇಧಿಸಲಾಯಿತು. 1979ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ಉದ್ಯಾನವು ಭರತದ ಗೆರೆಯಿಂದ 60 ಮೀಟರ್ ಆಳದವರೆಗೆ ಇಡೀ ದ್ವೀಪವನ್ನು ಸುತ್ತುವರಿದಿದೆ. ದೋಣಿಗಳು ಲಂಗರು ಹಾಕುವಂತಿಲ್ಲ. ನೆಲೆಯಾಗಿ ಅಳವಡಿಸಿದ ತೇಲುಬುರುಡೆಗಳಿಗೆ ಕಟ್ಟಬೇಕು. ಕೈಗವಸು ತೊಟ್ಟವರು ಹವಳವನ್ನು ಹಿಡಿಯುವ ಸಂಭವ ಹೆಚ್ಚೆಂದು ಕೈಗವಸಿಗೂ ನಿಷೇಧವಿದೆ. ಸಂದರ್ಶಕರು ನಿಸರ್ಗ ಶುಲ್ಕ ತೆತ್ತು, ನಿಯಮಗಳ ವಿವರಣೆ ಕೇಳಿ, ಮೊದಲೊಂದು ಪರೀಕ್ಷಾ ಮುಳುಗು ಮುಗಿಸಿದ ನಂತರವೇ ಉಳಿದ ತಾಣಗಳಿಗೆ ಹೋಗಬಹುದು.

ತೊಂದರೆಗಳೂ ಇವೆ. ದಡ ಮರಳಿನದಲ್ಲ; ಸತ್ತ ಹವಳದ ಚೂರುಗಳಿಂದ ತುಂಬಿ ಜಾರುತ್ತದೆ. ಭಾರ ಹೊತ್ತು ಅದರ ಮೇಲೆ ನಡೆಯುವುದು ಮಂಡಿನೋವು ಇರುವವರಿಗೆ ನಿಜವಾದ ಕಷ್ಟ. ಅಂಥವರಿಗೆ ದೋಣಿಯ ಏರ್ಪಾಡೇ ಲೇಸು. ನಿಲ್ಲಿಸಿದ ವಾಹನದಲ್ಲಿ ಬೆಲೆಬಾಳುವ ವಸ್ತುಗಳನ್ನು ಬಿಡಬಾರದೆಂಬುದು ದ್ವೀಪದಲ್ಲಿ ಎಲ್ಲರೂ ಹೇಳುವ ಎಚ್ಚರಿಕೆ.

ಕೊಜುಮೆಲ್: ಸೆಳೆತದ ಜೊತೆ ಪಯಣ

ಮೆಕ್ಸಿಕೊದ ಯುಕಟಾನ್ ಕರಾವಳಿಯ ಎದುರಿನ ಕೊಜುಮೆಲ್ ಬೊನೇರಿಗಿಂತ ಪೂರ್ತಿ ಭಿನ್ನ. ದ್ವೀಪದ ಪಶ್ಚಿಮದಂಚಿನಲ್ಲಿ ನೀರು ಬಹುಪಾಲು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿರುತ್ತದೆ. ಡೈವರ್‌ಗಳು ಈಜುವ ಬದಲು ಆ ಹರಿವಿನಲ್ಲಿ ತೇಲಿಹೋಗುತ್ತಾರೆ. ಮೇಲೆ ದೋಣಿ ಅವರ ಗುಳ್ಳೆಗಳನ್ನು ಅನುಸರಿಸುತ್ತದೆ. ಇದನ್ನು ಡ್ರಿಫ್ಟ್ ಡೈವಿಂಗ್ ಎನ್ನುತ್ತಾರೆ. ಪಲಂಕಾರ್ ದಿಬ್ಬದ ಸುರಂಗಗಳು, ಸಾಂಟಾ ರೋಸಾದ ಕಡಿದಾದ ಗೋಡೆ ಲೋಕಪ್ರಸಿದ್ಧ. ಪಟ್ಟೆಗಳ ಮೈ, ಹಳದಿ ಅಂಚಿನ ರೆಕ್ಕೆಗಳುಳ್ಳ ಸ್ಪ್ಲೆಂಡಿಡ್ ಟೋಡ್‌ಫಿಶ್ ಎಂಬ ಮೀನನ್ನು ನೋಡಲೆಂದೇ ಇಲ್ಲಿಗೆ ಬರುವವರಿದ್ದಾರೆ.

ಸೆಳೆತದಲ್ಲಿ ಗುಂಪು ಚದುರಬಾರದು. ದೋಣಿಯೂ ಎಲ್ಲರನ್ನು ಹತ್ತಿಸಿಕೊಳ್ಳಬೇಕು. ಆದ್ದರಿಂದ ಅನುಭವದಲ್ಲಿ ಸಮಾನರಾದವರು ಕೂಡಿದ ಗುಂಪಿಗೆ ಕೊಜುಮೆಲ್ ಸೊಗಸು. ಆರರಿಂದ ಎಂಟು ಜನ ಹಿಡಿಸುವ ಸಣ್ಣ ದೋಣಿಯನ್ನು ಗುಂಪಿಗಾಗಿಯೇ ಗೊತ್ತುಮಾಡಿಕೊಂಡರೆ ವೇಗ ಮತ್ತು ತಾಣ ತಮ್ಮ ಕೈಯಲ್ಲಿರುತ್ತವೆ. ಹೊಸಬರನ್ನು ಅದೇ ದೋಣಿಗೆ ಸೇರಿಸದೆ, ಆಳವಿಲ್ಲದ ತಾಣಗಳಿಗೆ ಪ್ರತ್ಯೇಕ ಮಾರ್ಗದರ್ಶಕರೊಡನೆ ಕಳುಹಿಸುವುದು ಇಬ್ಬರಿಗೂ ಹಿತ.

ಕೇಮನ್: ಮುಳುಗದವರ ಜೊತೆಗೂ ಸಲ್ಲುವ ನೆಲ

ಗುಂಪಿನಲ್ಲಿ ನೀರಿಗಿಳಿಯದ ಬಂಧುಗಳೂ ಮಕ್ಕಳೂ ಇದ್ದರೆ ಬ್ರಿಟಿಷ್ ಆಡಳಿತದ ಗ್ರ್ಯಾಂಡ್ ಕೇಮನ್ ಅನುಕೂಲ. ಸೆವೆನ್ ಮೈಲ್ ಬೀಚಿನ ಮರಳು ದಂಡೆಯಲ್ಲಿ ಅವರ ದಿನ ಚೆನ್ನಾಗಿ ಕಳೆಯುತ್ತದೆ. ಸ್ಟಿಂಗ್‌ರೇ ಸಿಟಿಯಲ್ಲಿ ನಾಲ್ಕು ಮೀಟರ್ ಆಸುಪಾಸಿನ ನೀರಿನಲ್ಲಿ ತೊರಕೆ ಮೀನುಗಳು ಸುತ್ತ ತೇಲುತ್ತವೆ. ಅಮೆರಿಕದ ನೌಕಾಪಡೆಯ ಕಿಟಿವೇಕ್ ಹಡಗನ್ನು 2011ರ ಜನವರಿಯಲ್ಲಿ ಇಲ್ಲಿ ಉದ್ದೇಶಪೂರ್ವಕವಾಗಿ ಮುಳುಗಿಸಲಾಯಿತು. 1986ರಲ್ಲಿ ಸ್ಫೋಟಗೊಂಡ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಅವಶೇಷಗಳ ಶೋಧದಲ್ಲಿ ಪಾಲ್ಗೊಂಡಿದ್ದ ಹಡಗು ಇದು.

ಪುಟ್ಟ ದ್ವೀಪ ಲಿಟಲ್ ಕೇಮನ್ನಿನ ಬ್ಲಡಿ ಬೇ ಗೋಡೆ ಇನ್ನೊಂದೇ ಲೋಕ. ಆರು ಮೀಟರ್ ಆಳದಲ್ಲಿ ಆರಂಭವಾಗುವ ಅಂಚು ಅಲ್ಲಿಂದ ನೇರವಾಗಿ ನೂರಾರು ಮೀಟರ್ ಕೆಳಗೆ ಧುಮುಕುತ್ತದೆ. ಅಂಚಿನ ಮೇಲೆ ತೇಲುವ ಹೊಸಬರೂ ಗೋಡೆಗುಂಟ ಇಳಿದ ಅನುಭವಿಗಳೂ ಒಂದೇ ತಾಣದಲ್ಲಿರಲು ಸಾಧ್ಯ. ಆದರೆ ಕೇಮನ್ ದುಬಾರಿ. ಖರ್ಚು ಹಂಚಿಕೊಳ್ಳುವ ಗುಂಪು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಇತರ ದ್ವೀಪಗಳು

ಹೊಂಡುರಾಸಿನ ರೋವಟಾನ್, ಸುಮಾರು 1000 ಕಿಲೋಮೀಟರ್ ಉದ್ದದ ಮೆಸೊಅಮೆರಿಕನ್ ಹವಳದಿಬ್ಬ ವ್ಯವಸ್ಥೆಯ ಭಾಗ. ಊಟ, ವಸತಿ, ದೋಣಿ ಎಲ್ಲ ಒಂದೇ ದರದಲ್ಲಿ ಸಿಗುವ ವಸತಿಗೃಹಗಳಿಂದ ಗುಂಪಿನ ಲೆಕ್ಕ ಸರಳವಾಗುತ್ತದೆ. ನೆರೆಯ ಉಟಿಲಾ ಕಡಿಮೆ ಖರ್ಚಿನ ತರಬೇತಿಗೆ ಹೆಸರಾಗಿದೆ. ಗ್ರೆನಾಡಾದಲ್ಲಿ 1961ರಲ್ಲಿ ಬೆಂಕಿಗೆ ತುತ್ತಾಗಿ ಮುಳುಗಿದ ಬಿಯಾಂಕಾ ಸಿ ಪ್ರಯಾಣಿಕ ಹಡಗು ಆಳಕ್ಕೆ ಪಳಗಿದವರಿಗೆ ಮಾತ್ರ. 1987ರಿಂದ ಸಾಗರ ಉದ್ಯಾನವಿರುವ ಜ್ವಾಲಾಮುಖಿ ದ್ವೀಪ ಸಾಬಾದಲ್ಲಿ ಸಮುದ್ರತಳದಿಂದ ಎದ್ದ ಶಿಖರಗಳು ಅಪೂರ್ವ. ಆದರೆ ಅದರ ರನ್‌ವೇಯ ಉದ್ದವೇ ಸುಮಾರು 400 ಮೀಟರ್. ದೊಡ್ಡ ಗುಂಪಿಗೆ ಅಲ್ಲಿ ಸೇರುವುದೇ ಪ್ರಯಾಸ.

ಋತು

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಅದು ಉಚ್ಛ್ರಾಯದಲ್ಲಿರುತ್ತದೆ. 2004ರಲ್ಲಿ ಐವನ್ ಗ್ರ್ಯಾಂಡ್ ಕೇಮನ್ನನ್ನೂ 2005ರಲ್ಲಿ ವಿಲ್ಮಾ ಕೊಜುಮೆಲ್ಲನ್ನೂ ಜರ್ಜರಿತಗೊಳಿಸಿದವು. ದಕ್ಷಿಣದಲ್ಲಿರುವ ಅರೂಬಾ, ಬೊನೇರ್, ಕ್ಯುರಸಾವ್ ಚಂಡಮಾರುತಗಳ ಸಾಮಾನ್ಯ ಮಾರ್ಗದ ಹೊರಗಿವೆ. ಆದರೂ 1999ರ ನವೆಂಬರ್‌ನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ, ವಾಡಿಕೆಗೆ ವಿರುದ್ಧವಾಗಿ ಸಾಗಿದ ಲೆನಿ ಚಂಡಮಾರುತದ ಅಲೆಗಳು ಬೊನೇರಿನ ಗಾಳಿಮರೆಯ ದಡವನ್ನೇ ಬಡಿದು ಹವಳಕ್ಕೆ ಹಾನಿ ಮಾಡಿದ್ದವು. ರಜೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾತ್ರ ಸಿಗುವ ಗುಂಪಿಗೆ ಈ ಮೂರು ದ್ವೀಪಗಳೇ ಸರಿಯಾದ ಆಯ್ಕೆ.

ಹವಳದ ಆರೋಗ್ಯ

2014ರಲ್ಲಿ ಫ್ಲೋರಿಡಾದಲ್ಲಿ ಮೊದಲು ಕಂಡ, ಗಟ್ಟಿ ಹವಳಗಳ ಅಂಗಾಂಶವನ್ನು ಕೊಲ್ಲುವ ರೋಗ 2018ರಲ್ಲಿ ಮೆಕ್ಸಿಕೊದ ಕರಾವಳಿಯನ್ನೂ 2023ರಲ್ಲಿ ಬೊನೇರನ್ನೂ ತಲುಪಿತು. ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವಾಗ ಉಪಕರಣಗಳನ್ನು ಸೋಂಕುರಹಿತಗೊಳಿಸಬೇಕು. ದೊಡ್ಡ ಗುಂಪಿಗೆ ಈ ಹೊಣೆ ಇನ್ನೂ ಹೆಚ್ಚು. ಭಾರತದ ಸುತ್ತಲ ಸಮುದ್ರದಲ್ಲಿ ಸಹಜವಾಗಿ ಬಾಳುವ ಸಿಂಹಮೀನು ಕೆರಿಬಿಯನ್ನಿನಲ್ಲಿ ಹೊರಗಿನಿಂದ ಬಂದ ಆಕ್ರಮಣಕಾರಿ. ಅದನ್ನು ತಿಂದು ಹತೋಟಿಯಲ್ಲಿಡುವ ಜೀವಿಗಳು ಕಡಿಮೆಯಾದ್ದರಿಂದ ಸ್ಥಳೀಯ ಮರಿಮೀನುಗಳನ್ನು ಅದು ಬರಿದುಮಾಡುತ್ತಿದೆ.

ಸಿದ್ಧತೆ, ಚಿಕಿತ್ಸೆ ಮತ್ತು ಮರಳುವ ದಿನ

ದ್ವೀಪಗಳು ಬೇರೆ ಬೇರೆ ದೇಶಗಳಿಗೆ ಸೇರಿರುವುದರಿಂದ ವೀಸಾ ನಿಯಮಗಳೂ ಬೇರೆ. ಕರ್ನಾಟಕದಿಂದ ಹೊರಡುವವರು ತರಬೇತಿಯನ್ನು ಅಂಡಮಾನಿನಲ್ಲೋ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲೋ ಮುಗಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರಮಾಣಪತ್ರಕ್ಕೆ ಎಲ್ಲೆಡೆ ಮಾನ್ಯತೆಯಿದೆ. ನೇತ್ರಾಣಿಯಲ್ಲಿ ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲವೆಂಬುದನ್ನು ಗಮನದಲ್ಲಿಡಬೇಕು.

ಆಳದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಬೇಗನೆ ಮೇಲೆದ್ದರೆ ಅದು ಗುಳ್ಳೆಗಳಾಗಿ ಹೊರಬಂದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ಇದರ ಚಿಕಿತ್ಸೆಗೆ ಬೇಕಾದ ಅಧಿಕ ಒತ್ತಡದ ಕೋಣೆ ಬೊನೇರ್, ಗ್ರ್ಯಾಂಡ್ ಕೇಮನ್, ಕೊಜುಮೆಲ್, ರೋವಟಾನ್‌ಗಳಲ್ಲಿದೆ. ಈ ಚಿಕಿತ್ಸೆಯನ್ನು ಒಳಗೊಂಡ ಡೈವಿಂಗ್ ವಿಮೆ ಗುಂಪಿನ ಪ್ರತಿಯೊಬ್ಬರಿಗೂ ಇರತಕ್ಕದ್ದು.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ, ಹಲವು ದಿನ ಮುಳುಗಿದವರು ಕಡೆಯ ಮುಳುಗಿನ ನಂತರ ವಿಮಾನ ಏರಲು ಕನಿಷ್ಠ 18 ಗಂಟೆ ಕಾಯಬೇಕು. ಇಡೀ ದಿನ ಬಿಡುವವರೇ ಹೆಚ್ಚು. ಆದ್ದರಿಂದ ಕಡೆಯ ದಿನಕ್ಕೆ ನೆಲದ ಮೇಲಿನ ಕಾರ್ಯಕ್ರಮ ಬೇಕು. ಬೊನೇರಿನಲ್ಲಿ ಉಪ್ಪಿನ ಗದ್ದೆಗಳ ರಾಜಹಂಸಗಳನ್ನು ನೋಡಬಹುದು, ಕೊಜುಮೆಲ್ಲಿನಲ್ಲಿ ಮಾಯಾ ಜನರ ಸಾನ್ ಹೆರ್ವಾಸಿಯೊ ಅವಶೇಷಗಳಿವೆ. ಸಾಬಾದ ಮೌಂಟ್ ಸೀನರಿಯನ್ನು ಮಾತ್ರ ಕಡೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಆ ಬೆಟ್ಟ 870 ಮೀಟರ್‌ನಷ್ಟು ಎತ್ತರ. ಮುಳುಗಿದ ಬೆನ್ನಲ್ಲೇ ಅದನ್ನು ಏರಿದರೆ ವಿಮಾನ ಏರಿದಂತೆಯೇ ಸುತ್ತಲಿನ ಒತ್ತಡ ಇಳಿಯುತ್ತದೆ. ಅಲ್ಲಿಗೆ ಹೋಗುವ ಗುಂಪು ಬಂದ ಮೊದಲ ದಿನವೇ, ನೀರಿಗಿಳಿಯುವ ಮುನ್ನ, ಬೆಟ್ಟ ಹತ್ತಿ ಇಳಿಯುವುದು ಕ್ಷೇಮ.